ಎತ್ತಿ ನಿಲ್ಲಿಸಿದ ಮೇಲೆ ಹೂಂ ಅನ್ನು

ನಮ್ಮ ಅಡುಗೆಮನೆಯ ಮೇಜಿನಿಂದ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಸೇತುವೆ ಇನ್ಸ್‌ಪೆಕ್ಟರ್ ಅಮ್ಮಾವ್ರಿಗೆ,

ಹೇಗಿದ್ದೀಯ ಕಣೇ? ಬೆನ್ನುನೋವು ಎಷ್ಟಿದೆ, ನಿಜ ಹೇಳು. ತರಬೇತಿ ಕೇಂದ್ರದ ಹಾಸಿಗೆ ಹಲಗೆಯ ಹಾಗಿದೆ ಎಂದಿದ್ದೆಯಲ್ಲ, ಬದಲಾಯಿಸಿ ಕೊಟ್ಟರೋ, ಇಲ್ಲ ನೀನೇ ಕೇಳದೆ ಸುಮ್ಮನಿದ್ದೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನೀರಿಗಿಳಿದು ಸೇತುವೆಯ ಬುಡ ಪರೀಕ್ಷಿಸುವ ಪಾಠ ಮುಗಿಯಿತು ಎಂದು ಕೇಳಿ ಹೋದ ಜೀವ ಬಂದಂತಾಯಿತು. ನೀನು ಅಲ್ಲಿ ಮುಳುಗೇಳುತ್ತಿದ್ದ ಆ ವಾರವಿಡೀ ನಾನು ಇಲ್ಲಿ ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ. ನಿಮ್ಮಮ್ಮ ಚೆನ್ನಾಗಿದ್ದಾರೆ. ಟೆಲಿಫೋನ್ ಆಪರೇಟರ್ ಕೆಲಸದಿಂದ ನಿವೃತ್ತರಾಗಿ ಎಷ್ಟು ಕಾಲವಾದರೂ ಅತ್ತೆಗೆ ಆ ಅಭ್ಯಾಸ ಹೋಗಿಲ್ಲ. ಮನೆಯಲ್ಲಿ ಯಾವ ಇಬ್ಬರು ಮಾತಾಡಿದರೂ ನಡುವೆ ಲೈನಿಗೆ ಬಂದುಬಿಡುತ್ತಾರೆ. ಈಗಲೂ ಒಲೆಯ ಹತ್ತಿರ ನಿಂತು, "ಏನು ಅಳಿಯಂದಿರೇ, ಪುಟಗಟ್ಟಲೆ ಬರೀತಿದ್ದೀರಿ? ಹೆದರಿಕೆ ಆಗ್ತಿದೆ ಅಂತ ಒಂದು ಸಾಲು ಬರೆದ್ರೆ ಸಾಕಲ್ವಾ" ಎನ್ನುತ್ತಿದ್ದಾರೆ.

ಹೌದು, ಹೆದರಿಕೆ ಆಗುತ್ತಿದೆ. ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆಗೆಯುವ ಮೊದಲೇ ನೀನು ನಗುತ್ತೀಯ, ನೀನು ನಕ್ಕರೆ ನನ್ನ ಮಾತು ಅಲ್ಲಿಗೇ ಮುಗಿಯಿತು. ಶುಕ್ರವಾರ ಸಂಜೆ "ಬೈಕ್ ನೋಡಿ ಬಂದ್ರಾ, ಹೇಗಿತ್ತು?" ಎಂದು ಕೇಳಿದಾಗ "ಬರೆದು ತಿಳಿಸುತ್ತೇನೆ" ಎಂದೆ, ಅದಕ್ಕೂ ನಕ್ಕೆ. ನಿನ್ನ ತಪ್ಪಲ್ಲ ಬಿಡು. ನನ್ನ ಭಯಕ್ಕೆ ಈ ಮನೆಯಲ್ಲಿ ಕವಡೆ ಕಾಸಿನ ಬೆಲೆಯಿಲ್ಲದಂತೆ ಮಾಡಿಕೊಂಡವನು ನಾನೇ. ಫ್ಯಾನು ತಲೆಯ ಮೇಲೆ ಬೀಳುತ್ತದೆಂದು ಒಂದು ಬೇಸಿಗೆಯಿಡೀ ಗೋಡೆಗೆ ಅಂಟಿಕೊಂಡು ಮಲಗಿದೆ. ಗ್ಯಾಸ್ ಸೋರುತ್ತಿದೆ ಎಂದು ಕೂಗಿ ಇಡೀ ಕಟ್ಟಡದವರನ್ನು ಬೀದಿಗಿಳಿಸಿದೆ. ಅದು ಅತ್ತೆ ಮಂಡಿಗೆ ಹಚ್ಚಿಕೊಂಡ ಮುಲಾಮಿನ ವಾಸನೆ. ಕುತ್ತಿಗೆಯ ಮೇಲೆ ಬೆವರುಸಾಲೆ ಎದ್ದಾಗ ಉಯಿಲು ಬರೆಯಲು ಕೂತೆ. ಹೀಗಾಗಿ ನೀನಿಟ್ಟ "ಪುಕ್ಕಲಪ್ಪ" ಎಂಬ ಹೆಸರನ್ನು ಖುಷಿಯಿಂದಲೇ ಹೊತ್ತುಕೊಂಡಿದ್ದೇನೆ. ಆದರೆ ಈ ಸಲದ್ದು ಬೇರೆ. ಬರುವ ಶನಿವಾರ ನೀನು ಬಸ್ಸಿಳಿದು ನೇರವಾಗಿ ಹಲ್ಲಿನ ಡಾಕ್ಟರ ಮನೆಗೆ ಹೋಗಿ ಅವರು ನಿನಗೆ ಮಾರುತ್ತೇನೆಂದಿರುವ ಆ ಭಾರೀ ಟೂರಿಂಗ್ ಬೈಕಿಗೆ ಹೂಂ ಅನ್ನುತ್ತೀಯ, ಸೋಮವಾರ ಅದರ ಮೇಲೆ ಒಬ್ಬಳೇ ಕೆಲಸಕ್ಕೆ ಹೊರಡುತ್ತೀಯ. ಅದು ನಿನ್ನ ಕೆಲಸಕ್ಕೆ ಒಗ್ಗುವ ಗಾಡಿಯಲ್ಲ ಎಂದು ಕಣ್ಣಾರೆ ಕಂಡು ಬಂದಿದ್ದೇನೆ. ಹೇಳುವ ಬಾಯಿ ನನ್ನದಾದ್ದರಿಂದ ನೀನು ನಂಬುವುದಿಲ್ಲ. ಅದೇ ನನ್ನ ಹೆದರಿಕೆ.

ನನ್ನನ್ನು ಕಳಿಸಿದ್ದು ನೀನೇ, ನೆನಪಿರಲಿ. "ನೀವು ಒಂದ್ಸಲ ಹಿಂದೆ ಕೂತು ಬನ್ರೀ. ನೀವೇ ಹೆದರಲಿಲ್ಲ ಅಂದ್ರೆ ಲೋಕದಲ್ಲಿ ಇನ್ಯಾರೂ ಹೆದರಬೇಕಾಗಿಲ್ಲ" ಎಂದೆ. ಸರಿ, ಶುಕ್ರವಾರ ಅಂಗಡಿಗೆ ಬೀಗ ಹಾಕಿ ಹೋದೆ. ಹಲ್ಲಿನ ಡಾಕ್ಟರು ಒಳ್ಳೆಯವರು, ಯಾವುದನ್ನೂ ಮುಚ್ಚಿಡುವವರಲ್ಲ. ಆದರೆ ಜೀವಮಾನವಿಡೀ ಬಾಯಿ ತೆರೆದುಕೊಂಡು ಮಲಗಿದವರನ್ನೇ ಪ್ರಶ್ನೆ ಕೇಳಿ ಕೇಳಿ, ಪ್ರಶ್ನೆಗೆ ಉತ್ತರ ಅಂತ ಒಂದಿರುತ್ತದೆ ಎನ್ನುವುದೇ ಅವರಿಗೆ ಮರೆತುಹೋಗಿದೆ. "ಸೀಟು ಹೇಗಿದೆ? ಚೆನ್ನಾಗಿದೆ ಅಲ್ವಾ? ಹೆಲ್ಮೆಟ್ ಬಿಗಿಯಾಯ್ತಾ? ಆಗಿಲ್ಲ ಅಲ್ವಾ? ಸರಿ ಹೊರಡೋಣ" ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟರು. ಷೆಡ್ಡಿನಲ್ಲಿ ಹೊದಿಕೆ ಸರಿಸಿದಾಗ, ಸೋಫಾ ಸೆಟ್ಟಿಗೆ ಯಾರೋ ಚಕ್ರ ಹಾಕಿದ್ದಾರೆ ಅನಿಸಿತು. ಹಿಂದೆ ಕೂರುವವನಿಗೆ ಬೆನ್ನಿಗೆ ದಿಂಬು, ಎರಡೂ ಕೈಗೆ ಒರಗು, ಸೀಟು ಬೆಚ್ಚಗಾಗುವ ಗುಂಡಿ, ಮುಂದೆ ಬಾಗಿಲಿನಷ್ಟು ದೊಡ್ಡ ಗಾಜು, ರೇಡಿಯೋ. ರಿವರ್ಸ್ ಗೇರ್ ಕೂಡ ಇದೆಯಂತೆ! ಬೈಕಿಗೆ ರಿವರ್ಸ್ ಗೇರ್ ಯಾಕೆ ಎಂದು ಕೇಳಿದರೆ, "ಹಿಂದಕ್ಕೆ ತಳ್ಳೋಕಾಗಲ್ಲ ನೋಡಿ, ಮುನ್ನೂರ ಅರವತ್ತು ಕಿಲೋ" ಎಂದು ಹೆಮ್ಮೆಯಿಂದ ಹೇಳಿದರು. ತಯಾರು ಮಾಡಿದವರೇ ಕೈಯೆತ್ತಿದ್ದಾರಲ್ಲ ಎಂದುಕೊಂಡೆ. ಆದರೂ ಹತ್ತಿ ಕೂತೆ.

ಈಗ ಬರೆಯುವುದನ್ನು ಎರಡು ಸಲ ಓದು. ಹೆದ್ದಾರಿಯಲ್ಲಿ ನನಗೆ ಹೆದರಿಕೆಯಾಗಲಿಲ್ಲ. ನಾನೇ, ಎಸ್ಕಲೇಟರ್ ಕಂಡರೆ ಮೆಟ್ಟಿಲು ಹುಡುಕುವವನು, ಹೇಳುತ್ತಿದ್ದೇನೆ. ನಿನ್ನ ಈಗಿನ ಬೈಕಿನ ಹಿಂದೆ ಕೂತಾಗ ಲಾರಿಯೊಂದು ಪಕ್ಕದಲ್ಲಿ ಹಾದರೆ ಗಾಳಿ ನಮ್ಮನ್ನು ಸೆಳೆದು ಬಿಸಾಡುತ್ತದಲ್ಲ, ನಾನು ನಿನ್ನ ಜಾಕೆಟ್ ಹರಿಯುವ ಹಾಗೆ ಹಿಡಿದು ಕಣ್ಣು ಮುಚ್ಚುತ್ತೇನಲ್ಲ, ಅದೇನೂ ಇಲ್ಲಿಲ್ಲ. ಲಾರಿ ಬಂತು, ಹೋಯಿತು, ಅಷ್ಟೇ. ರಸ್ತೆಯ ಉಬ್ಬುತಗ್ಗು ಸೊಂಟಕ್ಕೆ ತಿಳಿಯಲೇ ಇಲ್ಲ. ನಡುವೆ ಒಂದು ಕಡೆ ನಾನು ಹಾಡು ಗುನುಗುತ್ತಿದ್ದೆ ಎಂದು ಡಾಕ್ಟರು ಆಮೇಲೆ ಹೇಳಿದರು, ನನಗೇ ಗೊತ್ತಾಗಿರಲಿಲ್ಲ. ದಿನವಿಡೀ ಇಂಥ ರಸ್ತೆಯಲ್ಲೇ ಹೋಗುವವಳಾಗಿದ್ದರೆ ನಿನ್ನ ಬೆನ್ನಿಗೆ ಇದಕ್ಕಿಂತ ಒಳ್ಳೆಯ ಔಷಧ ಇನ್ನೊಂದಿಲ್ಲ. ನೀನು ಈ ಬೈಕಿಗೆ ಯಾಕೆ ಮನಸೋತೆ ಎಂದು ನನಗೆ ಅರ್ಥವಾಯಿತು. ಇಷ್ಟು ದಿನ ಅರ್ಥವಾಗಿರಲಿಲ್ಲ, ಅದಕ್ಕೆ ಕ್ಷಮಿಸು.

ಡಾಕ್ಟರು ಮೇಲುಸೇತುವೆಯ ಹತ್ತಿರ ತಿರುಗಿಸಿ ಮನೆಗೆ ಹೋಗೋಣ ಎಂದರು. ಅಲ್ಲಿಗೇ ಬಂದಿದ್ದರೆ ನಾನೂ ಹೂಂ ಅಂದುಬಿಡುತ್ತಿದ್ದೆ, ಈ ಕಾಗದವೂ ಇರುತ್ತಿರಲಿಲ್ಲ. ಆದರೆ ಅಂಗಡಿಯ ಬುದ್ಧಿ ಬಿಡಬೇಕಲ್ಲ. ನನ್ನ ಹತ್ತಿರ ಕನ್ನಡಕಕ್ಕೆ ಬಂದವರನ್ನು ನಾನು ಮೊದಲು ಕೇಳುವುದೇ, ದಿನವಿಡೀ ಏನು ನೋಡುತ್ತೀರಿ ಎಂದು. ಪ್ರವಾಸಕ್ಕೆ ಹೋಗುತ್ತಿದ್ದೇನೆ, ದೂರದ ಬೆಟ್ಟ ಚೆನ್ನಾಗಿ ಕಾಣುವ ಕನ್ನಡಕ ಕೊಡಿ ಎಂದು ಪಕ್ಕದ ಬೀದಿಯ ಟೈಲರಮ್ಮ ಬಂದಿದ್ದರಲ್ಲ, ಅವರಿಗೂ ಅದನ್ನೇ ಕೇಳಿದ್ದೆ. ವರ್ಷಕ್ಕೊಮ್ಮೆ ಬೆಟ್ಟ, ಉಳಿದ ದಿನವೆಲ್ಲ ಸೂಜಿಯ ಕಣ್ಣು. ಹಾಗೇ ಡಾಕ್ಟರಿಗೆ, "ಅವಳು ಕೆಲಸಕ್ಕೆ ಹೋಗೋ ದಾರಿಯಲ್ಲಿ ಒಂದ್ಸಲ ಹೋಗಿ ಬರೋಣ" ಎಂದೆ. ಲಾರಿ ದಾಟಿದಾಗಲೆಲ್ಲ ಸದ್ದು ಮಾಡುತ್ತದೆಂದು ನೀನು ಗೊರಕೆ ಸೇತುವೆ ಎಂದು ಹೆಸರಿಟ್ಟಿದ್ದೀಯಲ್ಲ, ಅದರ ಕೆಳಗೆ ಹೊಳೆಗಿಳಿಯುವ ದಾರಿಗೆ ಬೈಕ್ ತಿರುಗಿಸಿದರು. ಜಲ್ಲಿ, ಇಳಿಜಾರು, ನಡುವೆ ಮಳೆ ಕೊರೆದ ಕಾಲುವೆ. ತಿರುಗಿಸಿದ ಸ್ವಲ್ಪ ಹೊತ್ತಿಗೆ ಡಾಕ್ಟರು ಮಾತು ನಿಲ್ಲಿಸಿದರು. ಅಷ್ಟು ಹೊತ್ತೂ ಬಾಯಿ ಮುಚ್ಚದಿದ್ದ ಮನುಷ್ಯ ಸುಮ್ಮನಾದದ್ದು ಕಂಡು ನಾನು ಎರಡೂ ಕೈಯ ಒರಗನ್ನು ಬಿಗಿಯಾಗಿ ಹಿಡಿದುಕೊಂಡೆ.

ಕೆಳಗೆ, ಕಂಬದ ಹತ್ತಿರ, ನೀನು ಬೈಕ್ ನಿಲ್ಲಿಸುವ ಜಾಗದಲ್ಲೇ ಅವರು ತಿರುಗಿಸಲು ಹೋದರು. ಬೈಕ್ ನಿಂತಿತು. ನಿಂತ ಕೂಡಲೇ ನಾನು ಮಾಡಿದ್ದೇನು ಗೊತ್ತಾ? ನಿನ್ನ ಬೈಕಿನಲ್ಲಿ ಯಾವಾಗಲೂ ಮಾಡುವುದನ್ನೇ. ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಬೀಳುತ್ತೇವೆಂದು ನಾನು ಹಿಂದಿನಿಂದ ಕಾಲು ಕೆಳಗೆ ಊರುತ್ತೇನಲ್ಲ, "ಹಿಂದೆ ಕೂತವರು ಕಾಲು ಕೊಡಬಾರದು ಕಣ್ರೀ, ಬ್ಯಾಲೆನ್ಸ್ ಹೋಗುತ್ತೆ" ಎಂದು ನೀನು ಎಷ್ಟು ಸಲ ಬೈದಿದ್ದೀಯ! ಅಭ್ಯಾಸಬಲ. ಬಲಗಾಲು ಕೆಳಗೆ ಬಿಟ್ಟೆ, ಮೈಯೆಲ್ಲ ಆ ಕಡೆ ವಾಲಿತು. ನಿನ್ನ ಬೈಕಾದರೆ ನೀನು ಸೊಂಟ ಕೊಟ್ಟು ತಡೆದುಬಿಡುತ್ತೀಯ. ಇದು ಒಂದು ಕೂದಲೆಳೆ ವಾಲಿದ್ದೇ ತಡ, ಆಮೇಲೆ ಯಾರ ಮಾತನ್ನೂ ಕೇಳಲಿಲ್ಲ. ಡಾಕ್ಟರು "ಏ ಏ ಏ" ಎನ್ನುತ್ತಿದ್ದ ಹಾಗೇ ಬಲಕ್ಕೆ, ಇಳಿಜಾರಿನ ಕಡೆಗೆ, ಒರಗಿಕೊಂಡಿತು. ಜೋರಾಗಿ ಬೀಳಲೂ ಇಲ್ಲ. ದನ ಮಲಗಿದ ಹಾಗೆ ಮಲಗಿತು.

ನೀನು ಏನು ಹೇಳುತ್ತೀಯ ಗೊತ್ತು. "ನೋಡಿ, ಬೀಳಿಸಿದ್ದು ನೀವೇ, ಬೈಕಿನದೇನು ತಪ್ಪು?" ನಿಜ. ಬಿದ್ದದ್ದು ನನ್ನಿಂದ. ಆದರೆ ಎತ್ತಲಾಗದೆ ಹೋದದ್ದು ನನ್ನಿಂದಲ್ಲ. ಡಾಕ್ಟರಿಗೆ ಎತ್ತುವ ವಿದ್ಯೆ ಗೊತ್ತಿದೆ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಕಾಲಿನ ಬಲದಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ. ಮನೆಯ ಸಿಮೆಂಟಿನ ಮೇಲೆ ಹಾಗೆ ಎಷ್ಟೋ ಸಲ ಎತ್ತಿದ್ದಾರಂತೆ. ಇಲ್ಲಿ ಹೆಜ್ಜೆ ಇಟ್ಟಲ್ಲೆಲ್ಲ ಜಲ್ಲಿ ಜಾರಿತು. ಬೈಕ್ ಒಂದು ಗೇಣು ಮೇಲೇಳುವುದು, ಅವರ ಬೂಟು ಜಾರುವುದು, ಮತ್ತೆ ಅಷ್ಟೂ ಭಾರ ಕೆಳಗೆ. ಆಜಾನುಬಾಹು ಮನುಷ್ಯ, ಮುಖ ಕೆಂಪಾಗಿ, ತುಟಿ ಬೆಳ್ಳಗಾಗಿ, ಕೊನೆಗೆ ಜಲ್ಲಿಯ ಮೇಲೆ ಕೂತುಬಿಟ್ಟರು. ನೀವೇನು ಮಾಡುತ್ತಿದ್ದಿರಿ, ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಿರಾ ಎಂದು ಕೇಳಬೇಡ. ನನ್ನಿಂದ ಏನೂ ಉಪಯೋಗವಿರಲಿಲ್ಲ. ಫೋನು ತೆಗೆದು ನೋಡಿದರೆ ಸಿಗ್ನಲ್ ಇಲ್ಲ. ಸೇತುವೆಯ ಕೆಳಗೆ ಎಂದೂ ಇರುವುದಿಲ್ಲ ಎಂದು ನೀನೇ ಹೇಳುತ್ತಿರುತ್ತೀಯ. ಡಾಕ್ಟರು ಮೇಲೆ ಹೋಗಿ ಪೈಪು ಜೋಡಿಸುತ್ತಿದ್ದ ಮೂವರನ್ನು ಕರೆತಂದ ಮೇಲೆ, ಒಬ್ಬ ಚಕ್ರಕ್ಕೆ ಕಲ್ಲು ಕೊಟ್ಟು ಉಳಿದವರು ಹಗ್ಗ ಹಾಕಿ ಎಳೆದ ಮೇಲೆ ಅದು ಎದ್ದಿತು. ಎದ್ದ ಮೇಲೆ ಡಾಕ್ಟರು ಅದರ ಕಡೆಗೆ ನೋಡದೆ, "ನಾನು ಇದನ್ನ ಡಾಂಬರು ಬಿಟ್ಟು ಎಲ್ಲೂ ಇಳಿಸಿರಲಿಲ್ಲ" ಎಂದರು. ಉತ್ತರ ಕೊಡಿ ಎಂಬ ಹಾಗೆ ನನ್ನ ಮುಖ ನೋಡಿದರು. ಅವರಿಗೆ ಉತ್ತರ ಬೇಕಾಗಿದ್ದದ್ದು ಅದೊಂದೇ ಸಲ.

ಈಗ ನೀನೇ ಯೋಚಿಸು. ಬೀಳಲು ನನ್ನಂಥ ಪುಕ್ಕಲನೇ ಹಿಂದೆ ಕೂರಬೇಕೆಂದಿಲ್ಲ. ಸ್ಟ್ಯಾಂಡಿನ ಕಾಲು ಹಸಿ ಮಣ್ಣಿನಲ್ಲಿ ಹೂತರೆ ಸಾಕು. ತಿರುಗಿಸುವಾಗ ಟೈರಿನ ಕೆಳಗೆ ನಿಂಬೆಹಣ್ಣಿನಷ್ಟು ಕಲ್ಲು ಸಿಕ್ಕರೆ ಸಾಕು. ನೀನು ವಾರಕ್ಕೆ ಎರಡು ಸಲ ಹೆದ್ದಾರಿ ಹಿಡಿಯುತ್ತೀಯ, ಆದರೆ ದಿನದ ಕೆಲಸವೆಲ್ಲ ಹೆದ್ದಾರಿ ಬಿಟ್ಟ ಮೇಲಿನ ಆ ಸ್ವಲ್ಪ ದೂರದಲ್ಲೇ ಇರುವುದು. ಜಲ್ಲಿಯ ಮೇಲೆ ಇಳಿಯಬೇಕು, ಕಂಬಕ್ಕೆ ಸುತ್ತಿಗೆ ಬಡಿದು ಕಿವಿಗೊಡಬೇಕು, ತಿರುಗಿಸಿಕೊಂಡು ಮತ್ತೆ ಮೇಲೆ ಹತ್ತಬೇಕು. ನಿನ್ನ ಸಹಾಯಕನ ಜಾಗ ಖಾಲಿ ಬಿದ್ದು ವರ್ಷವಾಯಿತು, ಆಫೀಸಿನವರು ತುಂಬುವ ಲಕ್ಷಣವಿಲ್ಲ. ಶುಕ್ರವಾರದಿಂದ ನನಗೆ ಕಣ್ಣು ಮುಚ್ಚಿದರೆ ಇದೇ ಬರುತ್ತದೆ. ಬೀದಿಯಲ್ಲಿ ಯಾವುದಾದರೂ ದೊಡ್ಡ ಬೈಕು ಹೋದ ಸದ್ದಾದರೆ ಕಿಟಕಿಯ ಕಡೆ ತಿರುಗುತ್ತೇನೆ. ಫ್ಯಾನಿಗೆ ಹೆದರಿದಾಗ, ಗ್ಯಾಸಿಗೆ ಹೆದರಿದಾಗ ನಾನು ಊರೆಲ್ಲ ಕೇಳುವ ಹಾಗೆ ಕೂಗಾಡುತ್ತಿದ್ದೆ, ಅಲ್ವಾ? ಈ ಸಲ ಕೂಗಲೂ ಆಗುತ್ತಿಲ್ಲ. ಅತ್ತೆಯೇ ನಿನ್ನೆ, "ಯಾಕೆ ಇಷ್ಟು ಸುಮ್ಮನಿದ್ದೀರಿ, ಬೈದಾದ್ರೂ ಬೈಯಿರಿ" ಎಂದರು. ಅವರ ದನಿಯಲ್ಲೂ ತಮಾಷೆ ಇರಲಿಲ್ಲ.

ಬೈಕೇ ಬೇಡ ಎನ್ನುತ್ತಿಲ್ಲ ಕಣೇ. ಬಸ್ಸಿನಲ್ಲಿ ಹೋಗು ಎಂದು ಹಿಂದೆಲ್ಲ ಗೋಗರೆಯುತ್ತಿದ್ದೆ, ಆ ಮಾತು ವಾಪಸ್ ತೆಗೆದುಕೊಂಡೆ. ಇದರ ಅರ್ಧ ಭಾರದ ಗಾಡಿಗಳಿವೆ, ಅದಕ್ಕೂ ಎತ್ತರದ ಗಾಜು ಹಾಕಿಸಬಹುದು, ಸೀಟು ನಿನ್ನ ಬೆನ್ನಿಗೆ ತಕ್ಕ ಹಾಗೆ ಕಟ್ಟಿಸಬಹುದು, ಸುತ್ತಿಗೆ ಹಗ್ಗಕ್ಕೆ ಪೆಟ್ಟಿಗೆ ಕೂರಿಸಬಹುದು. ಡಾಕ್ಟರೇ ನಿನಗೆ ಹುಡುಕಿಕೊಡುತ್ತೇನೆ ಎಂದಿದ್ದಾರೆ. ರಜೆಯಲ್ಲಿ ದೂರದ ಪ್ರವಾಸದ ಆಸೆಯಾದರೆ ಈ ಸೋಫಾ ಸೆಟ್ಟನ್ನೇ ಅವರಿಂದ ನಾಲ್ಕು ದಿನಕ್ಕೆ ಕೇಳಿ ಪಡೆಯೋಣ. ಡಾಂಬರಿನ ಮೇಲೆ ಎಷ್ಟು ದೂರವಾದರೂ ನಾನು ಹಿಂದೆ ಕೂರುತ್ತೇನೆ, ಕಾಲು ಮೇಲೇ ಇಟ್ಟುಕೊಂಡು. ಆದರೂ ನನ್ನ ಮಾತು ನಂಬಲೇಬೇಕು ಎಂದು ಕೇಳಲು ನನಗೆ ಮುಖವಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ಡಾಕ್ಟರ ಷೆಡ್ಡಿನಲ್ಲಿ ನಿಂತು ಹೂಂ ಅನ್ನಬೇಡ. ಅವರನ್ನೂ ಪೈಪಿನ ಕೆಲಸದವರನ್ನೂ ಕರೆದುಕೊಂಡು ಗೊರಕೆ ಸೇತುವೆಯ ಕೆಳಗೆ ಹೋಗು. ಅವರು ಹಳೆಯ ಹಾಸಿಗೆಯೊಂದನ್ನು ಹಾಸಿ ಬೈಕನ್ನು ಮೆಲ್ಲಗೆ ಮಲಗಿಸಲಿ, ಡಾಕ್ಟರು ಒಪ್ಪಿದ್ದಾರೆ. ಆಮೇಲೆ ಎಲ್ಲರೂ ದೂರ ನಿಲ್ಲಲಿ, ನೀನೊಬ್ಬಳೇ ಎತ್ತು. ಎತ್ತಿ ನಿಲ್ಲಿಸಿದರೆ ಆ ಗಾಡಿ ನಿನ್ನದು, ನಾನು ತುಟಿಪಿಟಕ್ ಎನ್ನುವುದಿಲ್ಲ. ಕಾಂಕ್ರೀಟು ಗಟ್ಟಿಯಿದೆಯೋ ಟೊಳ್ಳೋ ಎಂದು ನೀನು ಯಾರ ಬಾಯಿಮಾತನ್ನೂ ನಂಬುವುದಿಲ್ಲ, ಬಡಿದೇ ನೋಡುತ್ತೀಯ. ಇದನ್ನೂ ಹಾಗೇ ನೋಡು.

ಕಾಗದವನ್ನು ನಿಮ್ಮ ಆಫೀಸಿನ ಜೀಪ್ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಸಾಮಾನು ಹೇರಿಕೊಂಡು ಇವತ್ತೇ ನಿಮ್ಮ ಕೇಂದ್ರಕ್ಕೆ ಹೊರಟಿದ್ದಾನಂತೆ. ಓದಿದ ತಕ್ಷಣ ಫೋನು ಮಾಡಬೇಡ, ಒಂದು ದಿನ ಯೋಚಿಸಿ ಮಾಡು. ಮಾಡಿದಾಗ ಮೊದಲೇ ನಗಬೇಡ. ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಬೆನ್ನಿಗೆ ಅವರ ಮುಲಾಮು ಕಳಿಸುತ್ತಿದ್ದಾರೆ. ಮುಚ್ಚಳ ಭದ್ರವಾಗಿದೆಯೇ ಎಂದು ನಾನೇ ಮೂರು ಸಲ ನೋಡಿದ್ದೇನೆ. ಜೋಪಾನವಾಗಿರು, ನಿನಗೆ ಒಳ್ಳೆಯದಾಗಲಿ.

ನಿನ್ನವನೇ ಆದ
ಪುಕ್ಕಲಪ್ಪ

ತಾ.ಕ.: ಡ್ರೈವರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಅತ್ತೆ ಫೋನು ಹಿಡಿದು ಎದುರಿಗೆ ನಿಂತು, "ನೀವು ಬರೀದಿದ್ರೆ ನಾನೀಗ್ಲೇ ಅವಳಿಗೆ ಲೈನ್ ಹಾಕ್ತೀನಿ" ಎನ್ನುತ್ತಿದ್ದಾರೆ. ಹಾಗಾಗಿ ಅವಸರದಲ್ಲಿ ಬರೆಯುತ್ತಿದ್ದೇನೆ. ಬೈಕ್ ಬಿದ್ದಾಗ ನನ್ನ ಬಲಗಾಲು ಅದರ ಪಕ್ಕದ ಸಾಮಾನು ಪೆಟ್ಟಿಗೆಯ ಕೆಳಗೆ ಸಿಕ್ಕಿತ್ತು. ಪಾದದ ಮೇಲೆ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ, ಕೂಡಿಕೊಳ್ಳುತ್ತದೆ ಎಂದಿದ್ದಾರೆ. ಗಾಬರಿಯಾಗಬೇಡ, ತರಬೇತಿ ಬಿಟ್ಟು ಓಡಿ ಬರಬೇಡ. ಮೊದಲ ಸಾಲಿನಲ್ಲೇ ಇದನ್ನು ಬರೆದಿದ್ದರೆ ನೀನು ಮುಂದಕ್ಕೆ ಓದದೆ ಬೈಕ್ ಬೇಡ ಎಂದುಬಿಡುತ್ತಿದ್ದೆ. ನನ್ನ ಕಾಲಿಗೆ ಮರುಗಿ ನೀನು ಅದನ್ನು ಬಿಡಬಾರದು. ಹಾಗೆ ಬಿಟ್ಟರೆ, ಕಾಲು ಕೂಡಿಕೊಂಡ ಮೇಲೆ ಇನ್ನೊಂದು ಇಂಥದ್ದೇ ತರುತ್ತೀಯ. ಡಾಕ್ಟರು ಜನ ಕರೆಯಲು ಮೇಲೆ ಓಡಿದ ಮೇಲೆ ನಾನೊಬ್ಬನೇ ಅಲ್ಲಿ ಅಂಗಾತ ಬಿದ್ದಿದ್ದೆ. ಕಂಬದ ಮೇಲೆ ಹಳೆಯ ಪ್ರವಾಹದ ನೀರಿನ ಗುರುತು ಕಾಣುತ್ತಿತ್ತು, ನನ್ನಿಂದ ಎಷ್ಟೋ ಆಳು ಎತ್ತರದಲ್ಲಿ. ವಿಚಿತ್ರ ನೋಡು, ಆಗ ನನಗೆ ನನ್ನ ಬಗ್ಗೆ ಒಂದಿಷ್ಟೂ ಭಯವಾಗಲಿಲ್ಲ, ಡಾಕ್ಟರು ಬಂದೇ ಬರುತ್ತಾರೆ ಎಂದು ಗೊತ್ತಿತ್ತು. ಅಲ್ಲಿ ಬಿದ್ದವಳು ನೀನಾಗಿದ್ದರೆ ಮೇಲೆ ಓಡಲು ಯಾರಿರುತ್ತಿದ್ದರು ಕಣೇ?